ನೋರೋವೈರಸ್ಸೂ ಮಾನವನ ಅನುವಂಶೀಯತೆಯೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಒಹಾಯೋದಲ್ಲಿ ನಾರ್‌ವಾಕ್ ಎಂಬ ಸಣ್ಣ ಊರೊಂದುಂಟು. 1968ನೆಯ ಇಸವಿ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಆ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಇದ್ದಕ್ಕಿದ್ದಂತೆ ಬೇನೆಯೊಂದು ಹಬ್ಬಿತು. ಓಕರಿಕೆ, ವಾಂತಿ, ಹೊಟ್ಟೆನುಲಿತ, ಕೆಲವರಿಗೆ ಭೇದಿ. ಒಂದು ದಿನ ನರಳಿಸಿ ಬೇನೆಯು ತಾನಾಗಿಯೇ ಇಳಿದುಹೋಗುತ್ತಿತ್ತು. ಮಕ್ಕಳೂ ಉಪಾಧ್ಯಾಯರೂ ಸೇರಿ ಶಾಲೆಯಲ್ಲಿದ್ದ 232 ಮಂದಿಯಲ್ಲಿ 116 ಮಂದಿ ಕಾಯಿಲೆಬಿದ್ದರು. ಸರಿಯಾಗಿ ಅರ್ಧಭಾಗ! ವೈದ್ಯರು ಬ್ಯಾಕ್ಟೀರಿಯಗಳಿಗಾಗಿ ಹುಡುಕಿದರು. ರೋಗಕ್ಕೆ ಕಾರಣವೆನ್ನಬಹುದಾದುದು ಒಂದೂ ಸಿಕ್ಕಲಿಲ್ಲ.

ಒಂದೇ ಶಾಲೆ, ಒಂದೇ ಗಾಳಿ, ಒಂದೇ ನೀರು. ಹೀಗಿದ್ದೂ ಅರ್ಧ ಜನ ಮಲಗಿದರು, ಉಳಿದರ್ಧ ಜನ ಎಂದಿನಂತೆ ಓಡಾಡಿಕೊಂಡಿದ್ದರು. ಇದಕ್ಕೆ ಕಾರಣವೇನು? ಉಳಿದವರ ಬಳಿಗೆ ರೋಗಾಣು ತಲಪಲೇ ಇಲ್ಲವೆಂದು ಕೆಲವರು ಹೇಳಿಯಾರು. ಅವರ ದೇಹದಲ್ಲಿ ರೋಗನಿರೋಧ ಶಕ್ತಿ ಹೆಚ್ಚಾಗಿದ್ದಿತೆಂದು ಮತ್ತೆ ಕೆಲವರು ಹೇಳಿಯಾರು. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ಇವೆರಡನ್ನೂ ಬಿಟ್ಟು ಮೂರನೆಯ ಕಾರಣವೊಂದುಂಟು. ಅದು ಹೊರಬೀಳಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಮೂರನೆಯ ಕಾರಣವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ರೋಗಾಣುವಿನ ದರ್ಶನ

ನಾರ್‌ವಾಕಿನ ರೋಗಿಗಳಿಂದ ಪಡೆದ ದ್ರವವನ್ನು ಬ್ಯಾಕ್ಟೀರಿಯಗಳು ನುಸುಳಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ತಾವಾಗಿಯೇ ಒಪ್ಪಿ ಮುಂದೆ ಬಂದ ಆರೋಗ್ಯವಂತರಿಗೆ ಕುಡಿಸಲಾಯಿತು. ಅವರಲ್ಲೂ ಹಲವರಿಗೆ ಅದೇ ಬೇನೆ ಬಂದಿತು. ಹಾಗಾದರೆ ರೋಗಕಾರಕವು ವೈರಸ್ಸೇ ಇರಬೇಕು. 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡನು. ಅವನು ಅನುಸರಿಸಿದ ಉಪಾಯ ಚಮತ್ಕಾರದ್ದು. ಕಾಯಿಲೆಯಿಂದ ಚೇತರಿಸಿಕೊಂಡವರ ರಕ್ತದಲ್ಲಿ ಆ ರೋಗಾಣುವನ್ನು ಹಿಡಿಯುವ ಪ್ರತಿಕಾಯಗಳೆಂಬ ಪ್ರೋಟೀನುಗಳಿರುತ್ತವೆ. ಆ ರಕ್ತದ್ರವವನ್ನು ಬೆರೆಸಿದಾಗ ಚದುರಿಹೋಗಿದ್ದ ಕಣಗಳು ಗುಂಪುಗೂಡಿ ಕಣ್ಣಿಗೆ ಬಿದ್ದವು. ಒಂದೊಂದು ಕಣದ ವ್ಯಾಸವೂ ಸುಮಾರು 27 ನ್ಯಾನೋಮೀಟರ್. ಇಂಥ ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 37,000 ಕಣಗಳು ಹಿಡಿಸುತ್ತವೆ.

ನಾರ್‌ವಾಕ್ ಊರಿನ ಹೆಸರಿನಿಂದಲೇ ಈ ವೈರಸ್ಸಿನ ಕುಲಕ್ಕೆ ನೋರೋವೈರಸ್ ಎಂಬ ಹೆಸರು ಬಂದಿದೆ. ಈಗಿನ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 68 ಕೋಟಿ ಸಲ ಇದು ಜನರನ್ನು ಕಾಯಿಲೆಗೆ ಈಡುಮಾಡುತ್ತದೆ. ಸುಮಾರು ಎರಡು ಲಕ್ಷ ಜನ ಇದರಿಂದ ಸಾಯುತ್ತಾರೆ. ಸತ್ತವರಲ್ಲಿ ಬಡ ದೇಶಗಳ ಶಿಶುಗಳು ಬಹಳ. ನಮ್ಮ ನೆರೆಯ ಕೇರಳದ ವಯನಾಡು ಜಿಲ್ಲೆಯಲ್ಲಿಯೂ 2021ರ ನವೆಂಬರಿನಲ್ಲಿ ಕಾಲೇಜೊಂದರ ವಿದ್ಯಾರ್ಥಿಗಳಿಗೆ ಇದು ತಗುಲಿತ್ತು. ನೂರಕ್ಕಿಂತ ಕಡಮೆ ಕಣಗಳು ಬಾಯಿಗೆ ಹೋದರೂ ಸಾಕು, ಸೋಂಕು ಹತ್ತಬಹುದು.

ತಲೆಕೆಳಗಾದ ನಿಯಮ

ಇನ್ನು ಒಗಟಿನ ವಿಷಯಕ್ಕೆ ಬರೋಣ. 1977ರಲ್ಲಿ ಅಮೆರಿಕದ ಕೆಲವು ವೈದ್ಯರು ತಮ್ಮ ಪ್ರಯೋಗವೊಂದರ ಫಲಿತಾಂಶವನ್ನು ಪ್ರಕಟಿಸಿದರು. ಹನ್ನೆರಡು ಮಂದಿ ಸ್ವಯಂಸೇವಕರಿಗೆ ನಾರ್‌ವಾಕ್ ವೈರಸ್ಸನ್ನು ಕುಡಿಸಿದ್ದರು. ಆರು ಮಂದಿ ಕಾಯಿಲೆಬಿದ್ದರು, ಆರು ಮಂದಿ ಬೀಳಲಿಲ್ಲ. ಇಲ್ಲಿ ‘ರೋಗಾಣು ತಲಪಲಿಲ್ಲ’ ಎಂಬ ಸಮಾಧಾನ ನಡೆಯದು, ಎಲ್ಲರೂ ಕುಡಿದವರೇ. 27ರಿಂದ 42 ತಿಂಗಳುಗಳ ತರುವಾಯ ಅದೇ ಹನ್ನೆರಡು ಮಂದಿಗೆ ಮತ್ತೆ ಕುಡಿಸಲಾಯಿತು.

ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದು. ಆ ಲೆಕ್ಕದಲ್ಲಿ ಮೊದಲು ಬಿದ್ದವರು ಈ ಸಲ ಪಾರಾಗಬೇಕು. ಮೊದಲು ಪಾರಾದವರು ಈಗ ಬಿದ್ದರೂ ಬೀಳಬಹುದು. ಆದರೆ ನಡೆದುದೇನು? ಮೊದಲು ಬಿದ್ದ ಆರು ಮಂದಿಯೇ ಮತ್ತೆ ಬಿದ್ದರು. ಮೊದಲು ಪಾರಾದ ಆರು ಮಂದಿಯೇ ಮತ್ತೆ ಪಾರಾದರು.

ಇದು ಆಕಸ್ಮಿಕವಾಗಿರಬಹುದೆ? ಲೆಕ್ಕ ಹಾಕಿ ನೋಡೋಣ. ಹನ್ನೆರಡು ಮಂದಿಯಲ್ಲಿ ಆರು ಮಂದಿಯನ್ನು 924 ವಿಧಗಳಲ್ಲಿ ಆರಿಸಬಹುದು. ಎರಡನೆಯ ಸಲ ಬೀಳುವ ಆರು ಮಂದಿಯನ್ನು ಬರಿಯ ಚೀಟಿ ಎತ್ತಿ ಗೊತ್ತುಮಾಡಿದ್ದರೆ, ಅವರು ಮೊದಲಿನ ಆರು ಮಂದಿಯೇ ಆಗಿರುವ ಸಂಭವ 924ರಲ್ಲಿ ಒಂದು. ಆದುದರಿಂದ ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ಅದಕ್ಕಿಂತಲೂ ವಿಚಿತ್ರವಾದುದು ಇನ್ನೊಂದುಂಟು. ಪ್ರತಿಕಾಯಗಳು ಕಂಡುಬಂದುದು ಮತ್ತೆ ಮತ್ತೆ ಬಿದ್ದವರ ರಕ್ತದಲ್ಲಿ. ಪಾರಾದವರ ರಕ್ತದಲ್ಲಿ ಅವು ಬಹಳ ಕಡಮೆ. ಪ್ರತಿಕಾಯಗಳು ರಕ್ಷಿಸುತ್ತವೆಂದು ನಾವು ಪಾಠ ಹೇಳುತ್ತೇವೆ. ಇಲ್ಲಿಯಾದರೋ ಆಯುಧ ಹೊತ್ತವರೇ ಸೋತರು, ಬರಿಗೈಯವರೇ ಗೆದ್ದರು. ನಿಯಮವೇ ತಲೆಕೆಳಗಾದಂತೆ ಕಂಡಿತು. ಆದರೂ ಎರಡನೆಯ ಸಲ ಬಿದ್ದವರಲ್ಲಿ ನಾಲ್ವರಿಗೆ ನಾಲ್ಕರಿಂದ ಎಂಟು ವಾರಗಳೊಳಗೆ ಮೂರನೆಯ ಸಲ ಕುಡಿಸಿದಾಗ ಒಬ್ಬನು ಮಾತ್ರ ಕಾಯಿಲೆಬಿದ್ದನು. ಅಂದಮೇಲೆ ಗಳಿಸಿದ ರಕ್ಷಣೆ ಎಂಬುದೂ ಇದೆ, ಆದರೆ ಅದು ಹೆಚ್ಚು ಕಾಲ ಬಾಳುವುದಿಲ್ಲ. ಈ ಎರಡು ಸಂಗತಿಗಳನ್ನು ಹೊಂದಿಸುವುದು ಹೇಗೆ?

ಸಕ್ಕರೆಯ ಬಾಗಿಲು

ಉತ್ತರ ಬಂದುದು ರಕ್ತದ ಗುಂಪುಗಳ ಶಾಸ್ತ್ರದಿಂದ. ಎ, ಬಿ, ಓ ಗುಂಪುಗಳನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಕಂಡುಹಿಡಿದನೆಂಬುದು ವಾಚಕರಿಗೆ ತಿಳಿದ ವಿಷಯ. ಈ ಗುಂಪುಗಳ ವ್ಯತ್ಯಾಸವೆಲ್ಲ ಕಣಗಳ ಮೇಲೆ ಅಂಟಿಕೊಂಡಿರುವ ಸಕ್ಕರೆಯ ಸರಪಳಿಗಳ ತುದಿಯಲ್ಲಿದೆ. ಸರಪಳಿಯ ಕೊನೆಯ ಗ್ಯಾಲಕ್ಟೋಸಿಗೆ ಫ್ಯೂಕೋಸ್ ಎಂಬ ಇನ್ನೊಂದು ಸಕ್ಕರೆ ಸೇರಿದರೆ ಅದಕ್ಕೆ ‘ಎಚ್’ ಗುರುತು ಎನ್ನುತ್ತಾರೆ. ಓ ಗುಂಪಿನವರಲ್ಲಿ ಎಚ್ ಗುರುತು ಹಾಗೆಯೇ ಉಳಿದಿರುತ್ತದೆ. ಎ ಗುಂಪಿನವರಲ್ಲಿ ಅದರ ಮೇಲೆ ಒಂದು ಬಗೆಯ ಸಕ್ಕರೆಯೂ ಬಿ ಗುಂಪಿನವರಲ್ಲಿ ಬೇರೊಂದು ಬಗೆಯ ಸಕ್ಕರೆಯೂ ಸೇರುತ್ತವೆ. ಎಬಿ ಗುಂಪಿನವರಲ್ಲಿ ಎರಡು ಬಗೆಯವೂ ಉಂಟು.

ಈ ಗುರುತುಗಳು ರಕ್ತಕಣಗಳ ಮೇಲೆ ಮಾತ್ರವೇ ಇರುವುವಲ್ಲ. ಬಹುಮಂದಿಯ ಜೊಲ್ಲಿನಲ್ಲೂ ಕರುಳಿನ ಒಳಪೊರೆಯ ಮೇಲೂ ಅವು ಇರುತ್ತವೆ. ಇಂಥವರನ್ನು ಸ್ರಾವಕರು ಎನ್ನೋಣ. ಕೆಲವರ ರಕ್ತದಲ್ಲಿ ಗುರುತು ಇದ್ದರೂ ಜೊಲ್ಲಿನಲ್ಲಿಯೂ ಕರುಳಿನಲ್ಲಿಯೂ ಇರುವುದಿಲ್ಲ. ಇವರು ಅಸ್ರಾವಕರು. ಈ ಭೇದವು ಮೆಂಡಲನ ನಿಯಮದಂತೆ ವಂಶಪಾರಂಪರ್ಯವಾಗಿ ಬರುತ್ತದೆಂಬುದು 1932ರಷ್ಟು ಹಿಂದೆಯೇ ಗೊತ್ತಾಗಿತ್ತು. ಅದರಿಂದ ಯಾರಿಗೆ ಏನು ಲಾಭ, ಏನು ನಷ್ಟ ಎಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ.

ಕರುಳಿನಲ್ಲಿ ಫ್ಯೂಕೋಸನ್ನು ಜೋಡಿಸುವ ಕೆಲಸ ಒಂದು ಕಿಣ್ವದ್ದು. ಆ ಕಿಣ್ವವನ್ನು ತಯಾರಿಸುವ ವಿಧಿ ಹತ್ತೊಂಬತ್ತನೆಯ ಕ್ರೋಮೊಸೋಮಿನಲ್ಲಿರುವ ಎಫ್‌ಯುಟಿ-2 ಎಂಬ ಜೀನಿನಲ್ಲಿ ಬರೆದಿದೆ. 1995ರಲ್ಲಿ ಈ ಜೀನಿನ ಪಾಠವನ್ನು ಓದಿದಾಗ ಅನೇಕ ಅಸ್ರಾವಕರಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿರುವುದು ಕಂಡಿತು. 428ನೆಯ ಸ್ಥಾನದಲ್ಲಿ ‘ಜಿ’ ಇರಬೇಕಾದಲ್ಲಿ ‘ಎ’ ಇದೆ. ಅದರಿಂದ 143ನೆಯ ಅಮೈನೋ ಆಮ್ಲದ ಬಳಿ ‘ಇಲ್ಲಿಗೆ ನಿಲ್ಲಿಸು’ ಎಂಬ ಅರ್ಥ ಬಂದುಬಿಡುತ್ತದೆ. ಮುನ್ನೂರಕ್ಕೂ ಮಿಕ್ಕ ಕೊಂಡಿಗಳಿರಬೇಕಾದ ಕಿಣ್ವವು ಅರ್ಧದಾರಿಯಲ್ಲೇ ನಿಂತುಹೋಗಿ ನಿಷ್ಪ್ರಯೋಜಕವಾಗುತ್ತದೆ.

ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬರಿಗೂ ಈ ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ಸರಿಯಾಗಿದ್ದರೂ ಸಾಕು, ಕೆಲಸ ನಡೆಯುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಮನುಷ್ಯನು ಅಸ್ರಾವಕ. ಯುರೋಪಿನ ಜನರಲ್ಲಿ ಸುಮಾರು ಐದರಲ್ಲಿ ಒಬ್ಬರು ಅಸ್ರಾವಕರು. ವಿದ್ಯಾರ್ಥಿಗಳು ಇಲ್ಲೊಂದು ಸುಲಭ ಲೆಕ್ಕ ಮಾಡಬಹುದು. ಎರಡೂ ಪ್ರತಿಗಳು ಕೆಟ್ಟಿರುವ ಸಂಭವ 0.20 ಆದರೆ ಒಂದು ಪ್ರತಿ ಕೆಟ್ಟಿರುವ ಸಂಭವ ಅದರ ವರ್ಗಮೂಲ, ಎಂದರೆ ಸುಮಾರು 0.45. ಸರಿಯಾಗಿರುವ ಸಂಭವ 0.55. ಒಂದು ಸರಿ, ಒಂದು ಕೆಟ್ಟದ್ದು ಇರುವ ಸಂಭವ 2 × 0.45 × 0.55, ಎಂದರೆ ಸುಮಾರು ಅರ್ಧ. ಹೀಗೆ ತಾವು ಸ್ರಾವಕರಾಗಿದ್ದರೂ ಕೆಟ್ಟ ಪ್ರತಿಯೊಂದನ್ನು ಹೊತ್ತಿರುವವರು ಅಲ್ಲಿ ಅರ್ಧದಷ್ಟು ಜನ. ಅಂಥ ಗಂಡಹೆಂಡಿರ ಪ್ರತಿಯೊಂದು ಮಗುವೂ ಅಸ್ರಾವಕವಾಗುವ ಸಂಭವ ನಾಲ್ಕರಲ್ಲಿ ಒಂದು.

ಬೀಗದ ಕೈ ಸಿಕ್ಕಿತು

2002ರಲ್ಲಿ ಫ್ರಾನ್ಸಿನ ಸಂಶೋಧಕರು ನಾರ್‌ವಾಕ್ ವೈರಸ್ಸಿನ ಹೊರಕವಚವು ಸ್ರಾವಕರ ಜೊಲ್ಲಿಗೂ ಕರುಳಿನ ಪೊರೆಗೂ ಅಂಟಿಕೊಳ್ಳುತ್ತದೆಂದೂ ಅಸ್ರಾವಕರದಕ್ಕೆ ಅಂಟುವುದಿಲ್ಲವೆಂದೂ ತೋರಿಸಿದರು. ಮರುವರ್ಷ ಅಮೆರಿಕದಲ್ಲಿ ಲಿಸಾ ಲಿಂಡೆಸ್ಮಿತ್, ರಾಲ್ಫ್ ಬಾರಿಕ್ ಮೊದಲಾದವರು 77 ಮಂದಿ ಸ್ವಯಂಸೇವಕರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅವರಲ್ಲಿ ಶೇಕಡ 29 ಮಂದಿ ಅಸ್ರಾವಕರಾಗಿದ್ದರು. ವೈರಸ್ಸನ್ನು ಎಷ್ಟೇ ಪ್ರಮಾಣದಲ್ಲಿ ಕುಡಿಸಿದರೂ ಅಸ್ರಾವಕರಲ್ಲಿ ಒಬ್ಬರಿಗೂ ಸೋಂಕು ಹತ್ತಲಿಲ್ಲ. ಸೋಂಕು ಹತ್ತಿದವರೆಲ್ಲರೂ ಸ್ರಾವಕರೇ.

ವೈರಸ್ಸು ಜೀವಕೋಶವನ್ನು ಹೊಗಬೇಕಾದರೆ ಮೊದಲು ಅದನ್ನು ಹಿಡಿದುಕೊಳ್ಳಬೇಕು. ನಾರ್‌ವಾಕ್ ವೈರಸ್ಸಿಗೆ ಹಿಡಿಯಾಗಿರುವುದು ಕರುಳಿನ ಮೇಲಿನ ಈ ಸಕ್ಕರೆಯ ಗುರುತು. ಅಸ್ರಾವಕರಲ್ಲಿ ಆ ಹಿಡಿಯೇ ಇಲ್ಲ. ಬಾಗಿಲಿಲ್ಲದ ಗೋಡೆಯ ಮುಂದೆ ಬೀಗದ ಕೈ ಹಿಡಿದು ನಿಂತವನ ಪಾಡು ವೈರಸ್ಸಿನದಾಗುತ್ತದೆ. ಬಿ ಗುಂಪಿನ ಸ್ರಾವಕರಲ್ಲಿ ಸಕ್ಕರೆಯ ತುದಿ ಬೇರೆ ಆಕಾರದ್ದಾದುದರಿಂದ ಅವರಿಗೂ ಈ ವೈರಸ್ಸು ತಗುಲುವುದು ಕಡಮೆಯೆಂದು ಕಂಡುಬಂದಿದೆ.

ಈ ಬೀಗದ ಕೈಯ ಆಕಾರವನ್ನು ತಿಳಿಸಿದುದು ಎಕ್ಸ್-ಕಿರಣಗಳು. 1999ರಲ್ಲಿ ವೆಂಕಟರಾಮ್ ಪ್ರಸಾದರೂ ಅವರ ಸಹೋದ್ಯೋಗಿಗಳೂ ವೈರಸ್ಸಿನ ಕವಚವನ್ನು ಹರಳುಗಟ್ಟಿಸಿ ಎಕ್ಸ್-ಕಿರಣಗಳ ವಿವರ್ತನೆಯಿಂದ ಅದರ ರಚನೆಯನ್ನು ಬಿಡಿಸಿದರು. ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ್ದ ಪ್ರಸಾದರು ಆಗ ಅಮೆರಿಕದ ಹ್ಯೂಸ್ಟನ್ ನಗರದಲ್ಲಿದ್ದರು. ಒಂದೇ ಪ್ರೋಟೀನಿನ 180 ಪ್ರತಿಗಳು ಎರಡೆರಡಾಗಿ ಕೂಡಿ 90 ಕಮಾನುಗಳಾಗಿ ಕವಚವನ್ನು ಕಟ್ಟಿವೆ. ಕಮಾನುಗಳ ಹೊರತುದಿಯಲ್ಲಿರುವ ಸಣ್ಣ ಕುಳಿಯಲ್ಲಿ ಸಕ್ಕರೆಯು ಕೂಡುತ್ತದೆ. ಪರಮಾಣುಗಳ ಮಟ್ಟದಲ್ಲಿ ಆ ಕೂಟದ ಚಿತ್ರವು 2008ರಲ್ಲಿ ದೊರೆಯಿತು.

ಕೊನೆಯ ಸಾಕ್ಷ್ಯ ಬಹಳ ತಡವಾಗಿ ಬಂದಿತು. ಮಾನವನ ನೋರೋವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ದಶಕಗಳ ಕಾಲ ಸಾಧ್ಯವಾಗಿರಲಿಲ್ಲ. 2016ರಲ್ಲಿ ಹ್ಯೂಸ್ಟನ್ನಿನ ಮೇರಿ ಎಸ್ಟಿಸ್ ಅವರ ತಂಡವು ಮನುಷ್ಯರ ಕರುಳಿನ ಕೋಶಗಳಿಂದ ಬೆಳೆಸಿದ ಪುಟ್ಟ ಅಂಗಾಂಶಗಳಲ್ಲಿ ಅದನ್ನು ಬೆಳೆಸಿತು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಸ್ರಾವಕರ ಕೋಶಗಳಿಗೆ ಸರಿಯಾದ ಎಫ್‌ಯುಟಿ-2 ಜೀನನ್ನು ಸೇರಿಸಿದೊಡನೆ ಅವು ಸೋಂಕಿಗೆ ಪಕ್ಕಾದವು. ಸ್ರಾವಕರ ಕೋಶಗಳಿಂದ ಆ ಜೀನನ್ನು ತೆಗೆದಾಗ ಸೋಂಕು ನಿಂತಿತು. ಕಾರಣಕ್ಕೂ ಕಾರ್ಯಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ.

ಒಗಟಿನ ಬಿಡುಗಡೆ

ಈಗ 1977ರ ಪ್ರಯೋಗಕ್ಕೆ ಹಿಂದಿರುಗೋಣ. ಮನೆಗೆ ಕಳ್ಳನು ಬಾರದಿರಲು ಎರಡು ಕಾರಣಗಳಿರಬಹುದು: ಬಾಗಿಲೇ ಇಲ್ಲ, ಅಥವಾ ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. ಮೊದಲನೆಯದು ಹುಟ್ಟಿನಿಂದ ಬಂದ ತಡೆ, ಎರಡನೆಯದು ಗಳಿಸಿದ ರಕ್ಷಣೆ. ಹಿಂದಿನವರು ಈ ಎರಡನ್ನೂ ಒಂದೇ ರಾಶಿಗೆ ಹಾಕಿದ್ದರು.

ಬಾಗಿಲಿಲ್ಲದವನಿಗೆ ಆ ಸೋಂಕು ಎಂದೂ ಬಂದಿಲ್ಲ. ಬಾರದ ಸೋಂಕಿಗೆ ಪ್ರತಿಕಾಯಗಳೆಲ್ಲಿಂದ ಬರಬೇಕು? ಬಾಗಿಲುಳ್ಳವನಿಗೆ ಹಿಂದೆ ಬಂದಿರುತ್ತದೆ, ಪ್ರತಿಕಾಯಗಳೂ ಇರುತ್ತವೆ. ಆದುದರಿಂದ ಪ್ರತಿಕಾಯವು ಇಲ್ಲಿ ಮೊದಲು ಸೂಚಿಸುವುದು ‘ಇವನಿಗೆ ಬಾಗಿಲುಂಟು’ ಎಂಬುದನ್ನು. ಹೀಗೆ ನೋಡಿದರೆ ತಲೆಕೆಳಗಾದ ನಿಯಮವು ಮತ್ತೆ ನೆಟ್ಟಗೆ ನಿಲ್ಲುತ್ತದೆ. ಆ ಹನ್ನೆರಡು ಮಂದಿಯ ಜೀನುಗಳನ್ನು ಆಗ ಪರೀಕ್ಷಿಸುವಂತಿರಲಿಲ್ಲ. ಪಾರಾದ ಆರು ಮಂದಿಯೂ ಅಸ್ರಾವಕರೇ ಎಂದು ಸಾಧಿಸಲಾಗದು. ಆದರೆ ಒಗಟಿನ ಗಂಟು ಎಲ್ಲಿತ್ತೆಂಬುದು ಸ್ಪಷ್ಟವಾಯಿತು.

ಕಾವಲುಗಾರನು ಸುಳ್ಳಲ್ಲ. 2003ರ ಪರೀಕ್ಷೆಯಲ್ಲಿ ಸ್ರಾವಕರಲ್ಲೂ ಕೆಲವರು ಸೋಂಕಿಗೆ ಸಿಕ್ಕಲಿಲ್ಲ. ಅಂಥವರ ಜೊಲ್ಲಿನಲ್ಲಿ ಪ್ರತಿಕಾಯಗಳು ಬಹುಬೇಗ ಏರಿದುದು ಕಂಡಿತು. ಹಿಂದೊಮ್ಮೆ ಬಂದ ಸೋಂಕನ್ನು ಅವರ ದೇಹ ನೆನಪಿಟ್ಟುಕೊಂಡಿದ್ದಿರಬೇಕು. ವೈರಸ್ಸನ್ನು ಬರಿದೆ ಹಿಡಿಯುವ ಪ್ರತಿಕಾಯಕ್ಕಿಂತ, ಸಕ್ಕರೆಯು ಕೂಡುವ ಸ್ಥಳವನ್ನು ಮುಚ್ಚಿ ಅದು ಅಂಟದಂತೆ ಮಾಡುವ ಪ್ರತಿಕಾಯವೇ ರಕ್ಷಣೆಯ ಒಳ್ಳೆಯ ಗುರುತೆಂದೂ ತಿಳಿದಿದೆ. ಈ ರಕ್ಷಣೆ ಕೆಲವು ತಿಂಗಳುಗಳಷ್ಟೇ ಎಂದು ಹಿಂದೆ ಭಾವಿಸಿದ್ದರು. 2013ರಲ್ಲಿ ಗಣಿತದ ಮೂಲಕ ಮಾಡಿದ ಅಂದಾಜಿನಂತೆ ಅದು ಸುಮಾರು ನಾಲ್ಕರಿಂದ ಒಂಬತ್ತು ವರ್ಷ ಬಾಳಬಹುದು.

ಈ ವಿವೇಚನೆಯಿಂದ ಆಗುವ ಪ್ರಯೋಜನ ದೊಡ್ಡದು. ಲಸಿಕೆಯೊಂದನ್ನು ಪರೀಕ್ಷಿಸುತ್ತಿದ್ದೇವೆನ್ನಿ. ಲಸಿಕೆ ಪಡೆಯದ ನೂರು ಮಂದಿಯಲ್ಲಿ ಬಾಗಿಲಿಲ್ಲದವರು 10, ಪಡೆದ ನೂರು ಮಂದಿಯಲ್ಲಿ 30 ಎಂದಿಟ್ಟುಕೊಳ್ಳೋಣ. ಬಾಗಿಲುಳ್ಳವರಲ್ಲಿ ಅರ್ಧ ಮಂದಿ ಕಾಯಿಲೆಬೀಳುವರೆಂದಾದರೆ ಮೊದಲ ಗುಂಪಿನಲ್ಲಿ 45, ಎರಡನೆಯದರಲ್ಲಿ 35 ಮಂದಿ ಬೀಳುತ್ತಾರೆ. ಲಸಿಕೆ ಬರಿಯ ನೀರೇ ಆಗಿದ್ದರೂ ಹತ್ತು ಮಂದಿಯನ್ನು ಉಳಿಸಿತೆಂಬ ಕೀರ್ತಿ ಅದಕ್ಕೆ ಬರುತ್ತದೆ. ಎರಡು ಬಗೆಯ ಜನರನ್ನು ಬೆರೆಸಿ ತೆಗೆದ ಸರಾಸರಿಯು ಯಾರ ಸಂಗತಿಯನ್ನೂ ಹೇಳುವುದಿಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗೂ ಇದು ನೆನಪಿಡತಕ್ಕ ಪಾಠ.

ಲಾಭವೂ ನಷ್ಟವೂ

ಹಾಗಾದರೆ ಅಸ್ರಾವಕರು ನಿಶ್ಚಿಂತರೆ? ಅಲ್ಲ. ನೋರೋವೈರಸ್ಸಿನಲ್ಲಿ ಹಲವು ಬಗೆಗಳಿವೆ. ಎಲ್ಲವೂ ಒಂದೇ ಬೀಗದ ಕೈಯನ್ನು ಬಳಸುವುದಿಲ್ಲ. ಸ್ನೋ ಮೌಂಟನ್ ಎಂಬ ಬಗೆಯು ಅಸ್ರಾವಕರಿಗೂ ತಗುಲಬಲ್ಲದು. 1990ರ ದಶಕದ ನಡುವಿನಿಂದ ಜಗತ್ತಿನ ಬಹುಪಾಲು ಹಾವಳಿಗಳಿಗೆ ಕಾರಣವಾದ ಜಿ-2.4 ಎಂಬ ಬಗೆಯು ಎ, ಬಿ, ಓ ಯಾವ ಗುಂಪಿನ ಸ್ರಾವಕರನ್ನೂ ಬಿಡುವುದಿಲ್ಲ. ಮೇಲಾಗಿ ಕೆಲವು ವರ್ಷಗಳಿಗೊಮ್ಮೆ ತನ್ನ ಹೊರಕವಚವನ್ನು ಬದಲಿಸಿ ಕಾವಲುಗಾರನ ಕಣ್ಣು ತಪ್ಪಿಸುತ್ತದೆ. ಆದುದರಿಂದ ರಕ್ತದ ಗುಂಪಿನ ಚೀಟಿಯನ್ನು ನೋಡಿ ‘ನನಗೆ ಭಯವಿಲ್ಲ’ ಎಂದುಕೊಳ್ಳುವುದು ಅವಿವೇಕ. ಅಲ್ಲದೆ ಆ ಚೀಟಿಯಿಂದ ಸ್ರಾವಕನೋ ಅಸ್ರಾವಕನೋ ಎಂಬುದು ತಿಳಿಯುವುದೂ ಇಲ್ಲ.

ಕೆಟ್ಟ ಪ್ರತಿಗೆ ತೆರಬೇಕಾದ ಬೆಲೆಯೂ ಉಂಟು. ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯೂ, ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿ ಬರುವ ಮೊದಲ ಬಗೆಯ ಮಧುಮೇಹವೂ ಅಸ್ರಾವಕರಲ್ಲಿ ಸ್ವಲ್ಪ ಹೆಚ್ಚೆಂದು 2010 ಮತ್ತು 2011ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಸ್ರಾವಕ ತಾಯಂದಿರ ಎದೆಹಾಲಿನಲ್ಲಿ ಹೇರಳವಾಗಿರುವ ಒಂದು ಬಗೆಯ ಫ್ಯೂಕೋಸ್ ಸಕ್ಕರೆ ಅಸ್ರಾವಕ ತಾಯಂದಿರ ಹಾಲಿನಲ್ಲಿ ಇರುವುದಿಲ್ಲ. ಪ್ರಕೃತಿಯು ಎರಡೂ ಬಗೆಯ ಜನರನ್ನು ಉಳಿಸಿಕೊಂಡು ಬಂದಿರುವುದಕ್ಕೆ ಇಂಥ ಲಾಭನಷ್ಟಗಳ ತೂಗಾಟವೇ ಕಾರಣವಿದ್ದೀತು.

ಇದರ ತುತ್ತತುದಿಯ ಉದಾಹರಣೆ ನಮ್ಮ ದೇಶದ್ದೇ. 1952ರಲ್ಲಿ ಮುಂಬಯಿಯಲ್ಲಿ ವೈ. ಎಂ. ಭೇಂಡೆ ಅವರೂ ಸಂಗಡಿಗರೂ ಒಂದು ಅಪೂರ್ವ ರಕ್ತವನ್ನು ವರ್ಣಿಸಿದರು. ಅದನ್ನು ಬಾಂಬೆ ಗುಂಪು ಎನ್ನುತ್ತಾರೆ. ಇವರ ಜೊಲ್ಲಿನಲ್ಲಿ ಮಾತ್ರವಲ್ಲ, ರಕ್ತಕಣಗಳ ಮೇಲೂ ಎಚ್ ಗುರುತಿಲ್ಲ. ಪಕ್ಕಪಕ್ಕದಲ್ಲಿರುವ ಎರಡು ಜೀನುಗಳೂ ಇವರಲ್ಲಿ ಕೆಲಸಮಾಡುವುದಿಲ್ಲ. ಕರ್ನಾಟಕದಲ್ಲೂ ಇಂಥ ರಕ್ತದವರಿದ್ದಾರೆ. ನಾರ್‌ವಾಕ್ ವೈರಸ್ಸು ಹಿಡಿದುಕೊಳ್ಳಬೇಕಾದ ಗುರುತು ಇವರ ಕರುಳಿನಲ್ಲಿಲ್ಲ. ಆದರೆ ಅಪಘಾತದಲ್ಲಿಯೋ ಹೆರಿಗೆಯಲ್ಲಿಯೋ ರಕ್ತ ಬೇಕಾದಾಗ ಓ ಗುಂಪಿನ ರಕ್ತವೂ ಇವರಿಗೆ ವಿಷ. ತಮ್ಮಂಥವರದೇ ರಕ್ತ ಸಿಕ್ಕಬೇಕು. ಒಂದು ಕಡೆ ಗುರಾಣಿಯಾದ ಕೊರತೆಯೇ ಇನ್ನೊಂದು ಕಡೆ ಪ್ರಾಣಕ್ಕೆ ಕುತ್ತಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಒಂದೇ ಮನೆಯಲ್ಲಿ ಅಣ್ಣನು ಕಾಯಿಲೆಬಿದ್ದು ತಮ್ಮನು ನೆಟ್ಟಗಿದ್ದರೆ ಅಣ್ಣನ ಹೊರತಿಂಡಿಯನ್ನೋ ದೌರ್ಬಲ್ಯವನ್ನೋ ದೂರುವುದು ನಮ್ಮಲ್ಲಿ ವಾಡಿಕೆ. ಆದರೆ ಅವರಿಬ್ಬರ ನಡುವಣ ಭೇದವು ಹುಟ್ಟುವ ಮೊದಲೇ ಬರೆದ ಒಂದಕ್ಷರದ್ದಾಗಿರಬಹುದು. ಅದರಲ್ಲಿ ಅಣ್ಣನ ತಪ್ಪೂ ಇಲ್ಲ, ತಮ್ಮನ ಹೆಚ್ಚಳವೂ ಇಲ್ಲ. ಮೇಲಾಗಿ ಲಕ್ಷಣಗಳಿಲ್ಲದವರೂ ಕೆಲವೊಮ್ಮೆ ವೈರಸ್ಸನ್ನು ಹೊತ್ತು ಹರಡಬಲ್ಲರು. ಆದುದರಿಂದ ಬಾಗಿಲುಂಟೋ ಇಲ್ಲವೋ ತಿಳಿಯದ ನಾವೆಲ್ಲರೂ ಮಾಡಬೇಕಾದುದು ಒಂದೇ: ಊಟಕ್ಕೆ ಮೊದಲೂ ಶೌಚದ ತರುವಾಯವೂ ಸೋಪಿನಿಂದ ಕೈ ತೊಳೆಯುವುದು. ಆಲ್ಕೊಹಾಲಿನ ದ್ರವ ಸವರಿಕೊಂಡರೆ ಈ ವೈರಸ್ಸಿಗೆ ಸಾಲದು. ಕಾಯಿಲೆಬಿದ್ದವರು ಗುಣವಾದ ಮೇಲೂ ಎರಡು ದಿನ ಅಡಿಗೆಯ ಕೆಲಸಕ್ಕೆ ಹೋಗಕೂಡದು. ವಾಂತಿಭೇದಿಯಾದ ಮಗುವಿಗೆ ಸಕ್ಕರೆ ಉಪ್ಪು ಬೆರೆತ ಮರುಜಲೀಕರಣ ದ್ರಾವಣವನ್ನು ಕೊಡುತ್ತಿರಬೇಕು. ಜೀನನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಕೈ ತೊಳೆದುಕೊಳ್ಳುವುದು ನಮ್ಮ ಕೈಯಲ್ಲೇ ಇದೆ.